ನೋಡದೆ ಬರೆದ ಏಳು ಪಾಯಿಂಟ್ ಒಂದು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಮನೆಯವರೆಲ್ಲ ಒಪ್ಪಿದ ಮಾತು. ಆದರೆ ಈಗ ಹೇಳುವ ಸಂಗತಿಯಲ್ಲಿ ಬೈಯುವುದಕ್ಕೆ ನನ್ನನ್ನು ಬಿಟ್ಟರೆ ಇನ್ನೊಬ್ಬರು ಸಿಗುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳವು. ಬೈಲಹೊಂಗಲದಲ್ಲಿ ಖೋಲಿ ಹಿಡಿದುಕೊಂಡು ಆ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ನನ್ನೂರಾದ ಕಟಕೋಳಕ್ಕೆ ಹೋದಾಗಲೆಲ್ಲ ಜನ ಏನೋ ದೊಡ್ಡ ವಿಜ್ಞಾನಿ ಬಂದ ಎನ್ನುವಂತೆ ನೋಡುತ್ತಿದ್ದರು. ಕೆಲಸವೇನು ಎಂದರೆ, ತಾಸಿಗೊಮ್ಮೆ ಕಬ್ಬಿನ ರಸ ತಂದು, ಅದರ ಪಿಎಚ್ ಎಷ್ಟಿದೆ ನೋಡಿ, ರಿಜಿಸ್ಟರಿನಲ್ಲಿ ಬರೆಯುವುದು. ಅರೆದ ಕಬ್ಬಿನ ರಸ ಹುಳಿಯಿರುತ್ತದೆ. ಅದಕ್ಕೆ ಸುಣ್ಣದ ನೀರು ಬಿಟ್ಟು ಹದಕ್ಕೆ ತರಬೇಕು. ನಮ್ಮಲ್ಲಿ ಪಿಎಚ್ ಏಳು ಪಾಯಿಂಟ್ ಒಂದು ಎಂದರೆ ಹದ, ಅಂಕಿ ಅದಕ್ಕಿಂತ ಇಳಿದರೆ ಹುಳಿ. ಸುಣ್ಣ ಕಡಿಮೆಯಾದರೆ ಸಕ್ಕರೆ ರಸದಲ್ಲೇ ಕೆಟ್ಟುಹೋಗುತ್ತದೆ, ಹೆಚ್ಚಾದರೆ ರಸ ಕೆಂಪಾಗಿ ಸಕ್ಕರೆಯ ಬಣ್ಣ ಬೆಲ್ಲದ ಕಡೆಗೆ ತಿರುಗುತ್ತದೆ.

ಸುಣ್ಣ ಬಿಡುವ ಜಾಗದಲ್ಲಿ ಸಂಪಗಾಂವದ ಒಬ್ಬ ಹಿರಿಯರಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಹದಿನೆಂಟು ಸೀಜನ್ ಅದೇ ಕಬ್ಬಿಣದ ಅಟ್ಟದ ಮೇಲೆ ನಿಂತವರು. ಉದ್ದನೆಯ ಗಾಜಿನ ನಳಿಗೆಯಲ್ಲಿ ರಸ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ, ಕೆಸರು ಎಷ್ಟು ಬೇಗ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಯಾವ ಬಣ್ಣಕ್ಕಿದೆ ಎಂದು ನೋಡುತ್ತಿದ್ದರು. ಅದನ್ನು ನೋಡಿಯೇ ವಾಲ್ವ್ ತಿರುವುತ್ತಿದ್ದರು. ನಾನು ಆಮೇಲೆ ಮೀಟರಿನಲ್ಲಿ ನೋಡಿದರೆ ಏಳು, ಏಳು ಪಾಯಿಂಟ್ ಎರಡು, ಅಷ್ಟರಲ್ಲೇ ಇರುತ್ತಿತ್ತು. ಆದರೆ ಅವರು ಕಾಯಂ ನೌಕರರಲ್ಲ. ಸೀಜನ್ ಮುಗಿದರೆ ಮನೆ, ಮುಂದಿನ ಸೀಜನ್ನಿಗೆ ಕರೆ ಬಂದರೆ ಕೆಲಸ.

ಆ ವರ್ಷ ಸುಣ್ಣ ಬಿಡಲು ಒಂದು ಯಂತ್ರ ಬಂತು. ರಸದ ಪೈಪಿನೊಳಗೆ ಗಾಜಿನ ಕಡ್ಡಿಯೊಂದನ್ನು ಇಳಿಬಿಟ್ಟಿದ್ದರು. ಅದು ಪಿಎಚ್ ಅಳೆದು ವೈರಿನ ಮೂಲಕ ಒಂದು ಡಬ್ಬಿಗೆ ತಿಳಿಸಬೇಕು, ಡಬ್ಬಿ ತಾನೇ ಸುಣ್ಣದ ವಾಲ್ವನ್ನು ತೆರೆದು ಮುಚ್ಚಬೇಕು. ಪುಣೆಯಿಂದ ಬಂದ ಇಂಜಿನಿಯರು ಅರ್ಧ ದಿನ ವಿವರಿಸಿದ. ವೈರಿನ ಸುದ್ದಿ ನಿಂತರೂ ಗಾಬರಿಯಾಗಬೇಡಿ, ಹೊಸದು ಬರುವವರೆಗೆ ಡಬ್ಬಿ ಹಳೆಯ ಅಂಕಿಯನ್ನೇ ಹಿಡಿದುಕೊಂಡಿರುತ್ತದೆ ಎಂದ. ನಾವೆಲ್ಲ ಗೋಣು ಹಾಕಿದೆವು. ಹಳೆಯ ಅಂಕಿ ಹಿಡಿದುಕೊಂಡ ಡಬ್ಬಿಯ ಕೈ ವಾಲ್ವಿನ ಮೇಲೆ ಸುಮ್ಮನಿರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಾನಂತೂ ಚಹಾ ಯಾವಾಗ ಬರುತ್ತದೆ ಎಂದು ನೋಡುತ್ತಿದ್ದೆ.

ಕಾರ್ಖಾನೆಯಲ್ಲಿ ಉಗಿಗೇನು ಕಡಿಮೆ? ವೈರಿನ ಜೋಡಣೆಯೊಳಗೆ ನೀರು ಸೇರುವುದು, ಸುದ್ದಿ ಹತ್ತು ನಿಮಿಷ ಬರುವುದು, ಅರ್ಧ ತಾಸು ನಿಲ್ಲುವುದು ಶುರುವಾಯಿತು. ಡಬ್ಬಿಯ ಮುಂಭಾಗದ ಕೆಂಪು ಅಂಕಿ ಮಾತ್ರ ಸದಾ ಉರಿಯುತ್ತಿತ್ತು. ಅಂಕಿ ಉರಿಯುತ್ತಿದ್ದರೆ ಎಲ್ಲ ಸರಿಯಿದೆ ಎಂದೇ ನಮ್ಮ ಲೆಕ್ಕ.

ಇನ್ನು ನನ್ನ ರಿಜಿಸ್ಟರ್. ನಮ್ಮ ಚೀಫ್ ಕೆಮಿಸ್ಟರಿಗೆ ಖಾಲಿ ಚೌಕ ಕಂಡರೆ ಮೈ ಉರಿಯುತ್ತಿತ್ತು. ಕೆಂಪು ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆದು, ಎಲ್ಲರೆದುರು, "ಈ ತಾಸ ಎಲ್ಲಿ ಮಲಗಿದ್ಯೋ ಮಹಾರಾಯಾ?" ಎನ್ನುತ್ತಿದ್ದರು. ಹಾಗಾಗಿ ಹೋಗಲಾಗದ ತಾಸಿಗೆ ಮೇಲಿನ ಅಂಕಿಯನ್ನೇ ಕೆಳಗೆ ಬರೆದುಬಿಡುವುದು ಲ್ಯಾಬಿನ ರೂಢಿಯಾಗಿತ್ತು. ಎಲ್ಲರೂ ಮಾಡುತ್ತಿದ್ದರು. ಅದನ್ನು ಸುಳ್ಳು ಎಂದು ನಾವ್ಯಾರೂ ಕರೆಯುತ್ತಿರಲಿಲ್ಲ, ಚೌಕ ತುಂಬುವುದು ಎನ್ನುತ್ತಿದ್ದೆವು. ಪಾಳಿ ಮುಗಿಯುವಾಗ ಆ ಹಾಳೆಗೆ ಸುಣ್ಣದ ಜಾಗದವರ ಸಹಿಯೂ ಬೇಕು. ಚಾಚಾಗೆ ಓದಲು ಬರುತ್ತಿರಲಿಲ್ಲ, ಸಹಿ ಮಾತ್ರ ಕಲಿತಿದ್ದರು. ನಾನು ಬೆರಳಿಟ್ಟ ಕಡೆ ನಿಧಾನವಾಗಿ ಬರೆದು, "ಆತ್ರೀ ಸಾಹೇಬ್ರ," ಎಂದು ನಗುತ್ತಿದ್ದರು.

ಆ ದಿನ ಸಕ್ಕರೆ ಚೀಲಗಳ ಮಾದರಿ ರಾಶಿ ಬಿದ್ದಿತ್ತು. ಹನ್ನೊಂದರ ರಸ ನೋಡಿ ಬಂದವನು ಹನ್ನೆರಡಕ್ಕೂ ಹೋಗಲಿಲ್ಲ, ಒಂದಕ್ಕೂ ಹೋಗಲಿಲ್ಲ. ಎರಡೂ ಚೌಕಗಳಲ್ಲಿ ಏಳು ಪಾಯಿಂಟ್ ಒಂದು ಬರೆದೆ. ನಡುವೆ ಲ್ಯಾಬಿನ ಫೋನು ಎರಡು ಸಲ ಹೊಡೆದುಕೊಂಡಿತು. ಚೀಫ್ ಕೆಮಿಸ್ಟರೇ ಇರಬೇಕು, ಚೀಲದ ಲೆಕ್ಕ ಕೇಳಿ ತಲೆ ತಿನ್ನುತ್ತಾರೆ ಎಂದು ಎತ್ತಲೇ ಇಲ್ಲ.

ಫೋನು ಮಾಡಿದ್ದು ಚಾಚಾ. ಡಬ್ಬಿಗೆ ಸುದ್ದಿ ಬರುವುದು ನಿಂತು, ಅಂಕಿ ಆರು ಪಾಯಿಂಟ್ ಒಂಬತ್ತರಲ್ಲಿ ಕೂತುಬಿಟ್ಟಿತ್ತು. ಇನ್ನೂ ಹುಳಿ ಇದೆ, ಇನ್ನೂ ಇದೆ ಎಂದು ಡಬ್ಬಿ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತ ಹೋಗಿತ್ತು. ನಳಿಗೆಯಲ್ಲಿ ರಸ ಕೆಂಪಗೆ ಕಂಡಾಗ ಚಾಚಾ ನನಗೆ ಫೋನು ಮಾಡಿದರು. ನಾನು ಎತ್ತದೆ ಇದ್ದಾಗ ಪೈಪಿನ ಮೇಲಿದ್ದ ಕೈವಾಲ್ವನ್ನು ತಾವೇ ತಿರುವಿ ಸುಣ್ಣ ನಿಲ್ಲಿಸಿದರು. ಅಷ್ಟರಲ್ಲಿ ಸಾಕಷ್ಟು ರಸ ಕೆಟ್ಟು ಮುಂದೆ ಹೋಗಿತ್ತು. ಮರುದಿನ ಬಂದ ಸಕ್ಕರೆ ನೋಡಿ ಎಲ್ಲರ ಮುಖ ಕಪ್ಪಿಟ್ಟಿತು.

ಎರಡು ದಿನ ಬಿಟ್ಟು ಜನರಲ್ ಮ್ಯಾನೇಜರ್ ವಿಚಾರಣೆಗೆ ಕರೆದರು. ರಿಜಿಸ್ಟರ್ ತೆಗೆದುಕೊಂಡು ನಾನೂ ಹೋಗಬೇಕಾಯಿತು. ಡಬ್ಬಿ ತನ್ನ ಅಂಕಿಯನ್ನು ಗೆರೆಯಾಗಿ ಎಳೆಯುತ್ತಿದ್ದ ಕಾಗದದ ಮೇಲೆ ಆ ಗೆರೆ ನೆಟ್ಟಗಿತ್ತು. ನನ್ನ ರಿಜಿಸ್ಟರಿನಲ್ಲಿ ರಸ ಹದವಾಗಿತ್ತು. ಎರಡು ಲಿಖಿತ ಸಾಕ್ಷಿಗಳು ಎಲ್ಲ ಸರಿಯಿತ್ತು ಎನ್ನುತ್ತಿದ್ದವು. ಕೇಳದೆ ವಾಲ್ವಿಗೆ ಕೈ ಹಾಕಿದವರು ಚಾಚಾ ಒಬ್ಬರೇ, ಹಾಗಾಗಿ ಸಕ್ಕರೆ ಕೆಟ್ಟದ್ದು ಅವರಿಂದಲೇ ಎಂದಾಯಿತು. ಇಂಥವರನ್ನು ಮುಂದಿನ ಸೀಜನ್ನಿಗೆ ಕರೆಯುವುದು ಬೇಡ ಎಂಬ ಮಾತು ಅವರು ಒಳಗೆ ಬರುವ ಮೊದಲೇ ಆಗಿಹೋಗಿತ್ತು. ನಾನು ಕೇಳಿಸಿಕೊಂಡೆ. ಬಾಯಿ ತೆರೆಯಲಿಲ್ಲ. ಹೇಡಿ ನಾನು, ಇನ್ನೇನು ಹೇಳಲಿ?

ಚಾಚಾ ಬಂದು ಬಾಗಿಲ ಹತ್ತಿರ ನಿಂತರು. ಮ್ಯಾನೇಜರು ಹಾಳೆ ತೋರಿಸಿ ಕೇಳಿದರು. "ಈ ಸಹಿ ಯಾರದು?"

"ನಂದರೀ ಸಾಹೇಬ್ರ."

"ಹನ್ನೆರಡಕ್ಕ ಏಳು ಪಾಯಿಂಟ್ ಒಂದು, ಒಂದಕ್ಕೂ ಅಷ್ಟ ಅಂತ ಬರದೈತಿ. ಅದರ ಕೆಳಗ ನೀ ಸಹಿ ಮಾಡೀದಿ. ಮತ್ತ ರಸ ಕೆಂಪಾಗಿತ್ತು ಅಂತ ಹೆಂಗ ಹೇಳತೀ?"

ಚಾಚಾ ನನ್ನ ಕಡೆ ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಬಹುಶಃ ನಾನು ತಡೆದುಕೊಂಡುಬಿಡುತ್ತಿದ್ದೆ.

"ನನಗ ಓದಾಕ ಬರೂದಿಲ್ರೀ," ಎಂದರು. "ಆದ್ರ ನಮ್ಮ ಕೆಮಿಸ್ಟ್ ಸಾಹೇಬ್ರು ಮಸೀನದಾಗ ನೋಡಿ ಬರದಿರತಾರ. ಅವರು ಹಂಗ ಬರದಾರಂದ್ರ ಖರೇನ ಇರಬೇಕ್ರೀ." ಆಮೇಲೆ ತಲೆ ತಗ್ಗಿಸಿ ಹೇಳಿದರು, "ಹಂಗಾರ ನನ್ನ ಕಣ್ಣ ತಪ್ಪೇವ್ರೀ. ವಯಸ್ಸಾತು."

ಅಯ್ಯೋ ದೇವರೇ! ಹದಿನೆಂಟು ಸೀಜನ್ ತಪ್ಪದ ಕಣ್ಣನ್ನು ಈ ಮನುಷ್ಯ ನನ್ನ ಪೆನ್ನಿನ ಎರಡು ಗೀಟುಗಳಿಗಾಗಿ ಸುಳ್ಳು ಮಾಡಿಕೊಳ್ಳುತ್ತಿದ್ದರು. ಕೆಲಸ ಹೋಗುವುದು ಒಂದು ಕಡೆಗಿರಲಿ, ಮನೆಗೆ ಹೋಗಿ ಇನ್ನು ಮೇಲೆ ತಮಗೆ ಬಣ್ಣ ಕಾಣುವುದಿಲ್ಲ ಎಂದೇ ನಂಬಿಕೊಂಡು ಕೂರುತ್ತಿದ್ದರು.

"ಅವರ ಕಣ್ಣು ತಪ್ಪಿಲ್ಲ ಸರ," ಎಂದೆ. "ಆ ಎರಡೂ ತಾಸ ನಾ ರಸ ನೋಡೇ ಇಲ್ಲ. ಮ್ಯಾಲಿಂದ ನೋಡಿ ಕೆಳಗ ಬರದೇನಿ. ಚಾಚಾ ಫೋನ್ ಮಾಡಿದ್ರು, ಅದನ್ನೂ ನಾ ಎತ್ತಲಿಲ್ಲ. ಅವರು ವಾಲ್ವ್ ಬಂದ್ ಮಾಡದಿದ್ರ ಆ ದಿನದ ರಸ ಪೂರಾ ಕೆಡತಿತ್ತು."

ಚೀಫ್ ಕೆಮಿಸ್ಟರು ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಮ್ಯಾನೇಜರು ಬಹಳ ಹೊತ್ತು ಆ ಹಾಳೆಯನ್ನೇ ನೋಡಿ, "ಉಳಿದ ಹಾಳಿಯೊಳಗ ಎಷ್ಟು ಖರೇ ಅದಾವೋ?" ಎಂದು ಕೇಳಿದರು.

ನನಗೆ ಮೆಮೋ ಬಂತು, ಬರಬೇಕಾದ್ದೇ. ಪುಣೆಯ ಇಂಜಿನಿಯರು ಮತ್ತೆ ಬಂದು, ಸುದ್ದಿ ನಿಂತರೆ ವಾಲ್ವ್ ಇದ್ದಲ್ಲೇ ನಿಂತು ಗಂಟೆ ಹೊಡೆಯುವಂತೆ ಡಬ್ಬಿಯನ್ನು ಸರಿಮಾಡಿದ. ರಿಜಿಸ್ಟರಿನಲ್ಲಿ, ನೋಡದ ತಾಸಿನ ಚೌಕ ಖಾಲಿ ಬಿಡಬೇಕು, ನೋಡಿದ್ದರೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಬರೆಯಬೇಕು ಎಂದಾಯಿತು. ಚಾಚಾಗೆ ಮುಂದಿನ ಸೀಜನ್ನಿನ ಕರೆ ಖಾತ್ರಿಯಾಯಿತು. ಅಟ್ಟ ಹತ್ತಿ ಹೋಗಿ ಅವರ ಕೈ ಹಿಡಿದುಕೊಂಡು, "ತಪ್ಪಾತ್ರೀ ಚಾಚಾ," ಎಂದೆ. ಅವರು ನನ್ನ ಬೆನ್ನು ತಟ್ಟಿ, "ಹೇಳಿದ್ರಲ್ಲಾ, ಸಾಕ ಬಿಡ್ರೀ," ಎಂದು ತಮ್ಮ ಬುತ್ತಿಯ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. ತಿನ್ನುತ್ತಾ ಅಳು ಬಂತು, ನಾಚಿಕೆ ಬಿಟ್ಟು ಅತ್ತೆ.

ಆ ದಿನ ಪಾಳಿ ಮುಗಿದಾಗ ಎಂದಿನಂತೆ ಹಾಳೆ ಹಿಡಿದು ಸಹಿಯ ಜಾಗದಲ್ಲಿ ಬೆರಳಿಟ್ಟೆ. ಚಾಚಾ ಪೆನ್ನು ತೆಗೆದುಕೊಂಡರು, ಆದರೆ ಬರೆಯಲಿಲ್ಲ.

"ಮೊದಲ ಓದಿ ಹೇಳ್ರೀ ಸಾಹೇಬ್ರ," ಎಂದರು. ಸಿಟ್ಟಿಲ್ಲ, ಕೊಂಕಿಲ್ಲ, ಅದೇ ಮೆತ್ತನೆಯ ದನಿ.

ಒಂದೊಂದೇ ಅಂಕಿ ಓದಿದೆ. ಖಾಲಿ ಚೌಕ ಬಂದಲ್ಲಿ, "ಇಲ್ಲಿ ಏನೂ ಇಲ್ರೀ, ನಾ ಬಂದಿದ್ದಿಲ್ಲ," ಎಂದೆ. ಅವರು ಕಣ್ಣು ಮುಚ್ಚಿಕೊಂಡು, ಆ ಹೊತ್ತಿನ ರಸ ಹೇಗಿತ್ತು ಎಂದು ನೆನೆಸಿಕೊಳ್ಳುತ್ತ, ಪ್ರತಿಯೊಂದಕ್ಕೂ ಹೂಂ ಎಂದರು. ಎಲ್ಲ ಮುಗಿದ ಮೇಲೆ ಸಹಿ ಮಾಡಿದರು.

ಆಮೇಲೆ ಇನ್ನೂ ಮೂರು ಸೀಜನ್ ನಾವು ಒಟ್ಟಿಗೆ ಕೆಲಸ ಮಾಡಿದೆವು. ಮಗಳ ಮದುವೆಗೆ ಕರೆದರು, ಹಬ್ಬಕ್ಕೆ ಮನೆಯಲ್ಲಿ ಶಾವಿಗೆ-ಹಾಲಿನಿಂದ ಮಾಡಿದ ಸುರಕುಂಬಾ ತಂದುಕೊಟ್ಟರು, ನನಗೆ ಜ್ವರ ಬಂದಾಗ ಖೋಲಿಗೆ ಬಂದು ಕೂತರು. ಆದರೆ ಓದಿಸದೆ ಒಂದು ದಿನವೂ ಸಹಿ ಹಾಕಲಿಲ್ಲ.