ಹುರುಳಿ ಹಾಸಿದ ರಸ್ತೆ

ಹೋದ ತಿಂಗಳು ನಮ್ಮ ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ಸೀಳು ಬಿಟ್ಟಿತ್ತು. ರಿಪೇರಿಗೆ ಬಂದವನು ಡಬ್ಬಿಯ ಮುಚ್ಚಳ ತೆಗೆದು, ಜೇನಿನಂಥ ಅಂಟಿಗೆ ಇನ್ನೊಂದು ಸೀಸೆಯಿಂದ ಏನೋ ಹನಿಸಿ ಕಲಸಿದ. ಬಿಳಿ ನಾರಿನ ಬಟ್ಟೆಯ ತುಂಡನ್ನು ಸೀಳಿನ ಮೇಲಿಟ್ಟು ಬ್ರಷ್ಷಿನಿಂದ ಬಳಿಯತೊಡಗಿದ. ಮೂಗಿನೊಳಗೆ ಸೂಜಿ ಆಡಿಸಿದಂಥ ಆ ವಾಸನೆ ಮೆಟ್ಟಿಲಿಳಿದು ಅಡುಗೆಮನೆಯ ತನಕ ಬಂತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ನಾನು ಸೌಟು ಹಿಡಿದುಕೊಂಡು ನಿಂತೇ ಬಿಟ್ಟೆ... ಆದೋನಿಯ ಹತ್ತಿ ಜಿನ್ನಿನ ಗಿರಣಿಯ ಹಿಂದಿನ ತಗಡಿನ ಶೆಡ್ಡು, ಅದರೊಳಗೊಂದು ಕೆಂಪು ಕಾರು, ಕಾರಿನ ಮೂತಿಯ ಕೆಳಗಿನಿಂದ ಹೊರಗೆ ಚಾಚಿದ್ದ ಮಾವನ ಎರಡು ಕಾಲು.

ಮಾವ ಎಂದರೆ ನಮ್ಮ ಅಕ್ಕನ ಗಂಡ. ನಮ್ಮ ಕಡೆ ಕರೆಯುವುದೇ ಹಾಗೆ. ಎಂಬತ್ತರ ದಶಕದ ನಡುವಿನ ಮಾತು. ನನಗೆ ಆಂಧ್ರದ ಗಡಿಯೊಳಗಿನ ಆದೋನಿಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಇರುವುದು ಅಕ್ಕನ ಮನೆಯಲ್ಲಿ. ಅವರದು ಹತ್ತಿ ವ್ಯಾಪಾರದ ಮನೆತನ. ಮಾವನ ತಂದೆಯನ್ನು ಊರೆಲ್ಲ ಸಾಹುಕಾರರು ಎನ್ನುತ್ತಿತ್ತು, ಸೊಸೆಯ ತಂಗಿಯಾದ ನಾನೂ ಹಾಗೇ ಅನ್ನುತ್ತಿದ್ದೆ. ಮಾವ ಅವರಿಗೆ ಒಬ್ಬನೇ ಮಗ. ಹತ್ತಿಯ ಎಳೆ ಎಳೆದು ನೋಡಿ ಯಾವ ಊರಿನ ಹೊಲದ್ದೆಂದು ಹೇಳುವಷ್ಟು ಕಸುಬು ಬಲ್ಲವನಾದರೂ ಅವನ ಜೀವ ಇದ್ದದ್ದು ಆ ಕಾರಿನಲ್ಲಿ. ಹೈದರಾಬಾದಿನ ಯಾವುದೋ ದೊಡ್ಡ ಮನೆಯವರು ಮಾರಿದ್ದ ಪರದೇಶದ ಸ್ಪೋರ್ಟ್ಸ್ ಕಾರು ಅದು. ಎರಡೇ ಬಾಗಿಲು, ಮುಂದೆ ಎರಡೇ ಸೀಟು. ಹಿಂದೆ ಸಾಮಾನಿಡುವ ಒಂದು ಹಲಗೆಯಂಥ ಜಾಗ. ಅಕ್ಕ ಅದಕ್ಕೆ 'ಸವತಿ' ಎಂದು ಹೆಸರಿಟ್ಟಿದ್ದಳು.

ಮದ್ರಾಸಿನ ಹತ್ತಿರ ಹಳೆಯ ವಿಮಾನ ನಿಲ್ದಾಣವೊಂದರಲ್ಲಿ ವರ್ಷಕ್ಕೊಮ್ಮೆ ಕಾರುಗಳ ಓಟ ನಡೆಯುತ್ತಿತ್ತು. ಒಮ್ಮೆಯಾದರೂ ಅಲ್ಲಿ ಓಡಿಸಬೇಕೆಂಬುದು ಮಾವನ ಆಸೆ. ಆದರೆ ಕಾರಿಗೊಂದು ಐಬಿತ್ತು. ವೇಗ ಒಂದು ಹದ ದಾಟಿದರೆ ಮೂತಿ ಹಗುರಾಗಿ, ಸ್ಟೀರಿಂಗ್ ಕೈಗೆ ಸಿಗುತ್ತಿರಲಿಲ್ಲ. ಅಲ್ಲಿಗೆ ಬಂದ ಕೂಡಲೇ ಮಾವ ಕಾಲು ತೆಗೆಯುತ್ತಿದ್ದ. ಅದಕ್ಕೇ ಮುಂಬಯಿಯ ಗೆಳೆಯನಿಗೆ ಹೇಳಿ ಎರಡು ಫೈಬರಿನ ಭಾಗಗಳನ್ನು ತರಿಸಿದ. ಹಿಂದಿನ ಡಿಕ್ಕಿಯ ಮೇಲೆ ಕೂರಿಸುವ ಸ್ಪಾಯ್ಲರು, ಮುಂದೆ ಬಂಪರಿನ ಕೆಳಗೆ ನೆಲಕ್ಕೆ ಸಮನಾಗಿ ಚಾಚುವ ಸ್ಪ್ಲಿಟರು. ಮನೆಯಲ್ಲಿ ಯಾರ ನಾಲಿಗೆಯೂ ಹಾಗೆ ಹೊರಳಲಿಲ್ಲ. ಹಿಂದಿನದು ರೆಕ್ಕೆಯಾಯಿತು, ಮುಂದಿನದು ನೋಡಲು ಹಾಗೇ ಇದ್ದುದರಿಂದ ಮೊರವಾಯಿತು.

ಬಂದ ಭಾಗಗಳು ಬೇರೆ ಯಾವುದೋ ಕಾರಿಗೆಂದು ಮಾಡಿದವು, ಇದಕ್ಕೆ ಕೂರಲೊಲ್ಲವು. ಓಟ ಹತ್ತಿರ ಬಂದಿತ್ತು. ಮಾವ ಹಳೆಯ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಅಳತೆ ತೆಗೆದ, ಫೈಬರನ್ನು ಗರಗಸದಿಂದ ಕೊಯ್ದ, ಕೊಯ್ದ ಕಡೆ ನಾರಿನ ಬಟ್ಟೆ ಹಾಸಿ ಅಂಟು ಬಳಿದ. ಅಂಟು ಕಲಸಿದ ಮೇಲೆ ತಡಮಾಡುವಂತಿಲ್ಲ, ಬಟ್ಟಲಲ್ಲೇ ಕಲ್ಲಾಗುತ್ತದೆ. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಆ ಭಾಗಗಳನ್ನು ಅಲುಗಾಡದಂತೆ ಒತ್ತಿ ಹಿಡಿಯುತ್ತಿದ್ದೆ. ಕೆಂಪು ಬಣ್ಣದ ಆ ನುಣುಪಿನ ಮೇಲೆ ಸೀಮೆಸುಣ್ಣ ನಿಲ್ಲದೆ, ಒದ್ದೆ ಮಾಡಿದ ವಿಭೂತಿ ಗಟ್ಟಿಯಿಂದ ತೂತಿನ ಗುರುತು ಹಾಕಿದ. ಡ್ರಿಲ್ಲು ಒಂದು ಕೂದಲಷ್ಟು ಜಾರಿದರೂ ತಗಡು ಹಾಳು. ಅವನು ಉಸಿರು ಬಿಗಿಹಿಡಿದು ತೂತು ಕೊರೆಯುವಾಗ ನನ್ನ ಉಸಿರೂ ನಿಲ್ಲುತ್ತಿತ್ತು. ಮರುದಿನ ಬೆಳಿಗ್ಗೆ ಸಾಹುಕಾರರು ಪೂಜೆಗೆ ಕುಳಿತು, ವಿಭೂತಿ ಎಲ್ಲಿ ಹೋಯಿತೆಂದು ಮನೆಯೆಲ್ಲ ಹುಡುಕಿಸಿದರು.

ಕೊನೆಗೆ ಅವರೇ ಶೆಡ್ಡಿಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಮೊರವನ್ನು ಕೋಲಿನ ತುದಿಯಿಂದ ಮುಟ್ಟಿ, ಇದೇನೆಂದು ಕೇಳಿದರು. ಜೋರು ಓಡಿಸಿದರೆ ಗಾಳಿ ಕಾರನ್ನು ಎತ್ತುತ್ತದೆ, ಇವು ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತವೆ ಎಂದು ಮಾವ ವಿವರಿಸಿದ.

"ನಿಧಾನ ಓಡ್ಸಿದ್ರ ಗಾಳಿ ಯಾಕ ಎತ್ತತೈತೋ?" ಅಂದರು ಸಾಹುಕಾರರು.

ಮಾವ ನಕ್ಕ. ಅವರು ನಗಲಿಲ್ಲ. ಅವತ್ತು ತಂದೆ ಮಗನ ನಡುವೆ ಒಂದು ಕರಾರಾಯಿತು. ಸಾಹುಕಾರರೇ ಕಾರಿನಲ್ಲಿ ಕೂರುವುದು, ಹತ್ತಿರದ ಆಲೂರಿಗೆ ಹೋಗಿ ಬರುವುದು. ಹೋಗುವಾಗ ನಿಧಾನ, ಬರುವಾಗ ನೇರ ರಸ್ತೆ ಸಿಕ್ಕಲ್ಲಿ ಒಮ್ಮೆ ಎಷ್ಟು ಓಡುತ್ತದೋ ಅಷ್ಟೂ ಓಡಿಸಿ ತೋರಿಸುವುದು.

"ಹೋದ ಹಂಗ ಮನಿಗೆ ಬಂದ್ರ ಮದ್ರಾಸಿಗೆ ಹೋಗು, ನಾ ಬ್ಯಾಡನ್ನಂಗಿಲ್ಲ. ದಾರ್‍ಯಾಗ ಕೆಟ್ಟು ನಿಂತ್ರ ಈ ಹುಚ್ಚು ಅಲ್ಲಿಗೇ ಬಿಡಬೇಕು. ಆಮ್ಯಾಲ ಇದರ ಸುದ್ದಿ ನನ್ನ ಮುಂದ ತೆಗೀಬಾರದು."

ಮಾವ ಒಪ್ಪಿದ. ಹಿಂದಿನ ಹಲಗೆಯ ಮೇಲೆ ನಾನೂ ಕೂರಬೇಕೆಂದು ಸಾಹುಕಾರರದೇ ಅಪ್ಪಣೆ. ಹೆಣ್ಣುಮಗಳು ಹಿಂದೆ ಕುಂತರೆ ಇವನ ಕಾಲು ಹಗುರಾಗುತ್ತದೆ ಎಂಬುದು ಅವರ ಲೆಕ್ಕ.

ದಿನ ಗೊತ್ತು ಮಾಡಿದವನು ಮಾವ. ಹತ್ತಿಯ ಕಾಲದಲ್ಲಿ ಆದೋನಿಯ ರಸ್ತೆಗಳ ತುಂಬ ಎತ್ತಿನ ಗಾಡಿಗಳು. ಆದರೆ ಸೋಮವಾರ ಬಸವಣ್ಣನ ವಾರ. ಅಂದು ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ರಸ್ತೆ ಖಾಲಿ ಇರುತ್ತದೆ, ಸೋಮವಾರವೇ ಹೋಗೋಣ ಎಂದ. ಮೂವರಿಗೂ ಅದು ಸರಿ ಎನಿಸಿತು. ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು, ನೊಗ ಕಟ್ಟದ ದಿನ ಒಕ್ಕಲಿಗರು ಬೇರೇನು ಮಾಡುತ್ತಾರೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊರಟೆವು. ಸಾಹುಕಾರರನ್ನು ಆ ತಗ್ಗು ಸೀಟಿನಲ್ಲಿ ಇಳಿಸಲು ಇಬ್ಬರು ಬೇಕಾದರು. ತಲೆಯ ರುಮಾಲು ಚಾವಣಿಗೆ ತಾಕುತ್ತದೆಂದು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ನಾನು ಮಂಡಿ ಮಡಚಿ, ಗಲ್ಲವನ್ನು ಮಂಡಿಗೆ ಒತ್ತಿ ಕುಳಿತೆ. ಊರು ದಾಟಿದ ಮೇಲೆ ರಸ್ತೆ ನಿಜಕ್ಕೂ ಖಾಲಿ. ಕಾರು ನೆಲಕ್ಕೆ ಹತ್ತಿಕೊಂಡಂತೆ ಹೋಗುತ್ತಿತ್ತು. ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ, "ಹೆಂಗೈತ್ರೀ ಟೀಚರಮ್ಮಾ?" ಅಂದ. ಅವನ ಮುಖದ ಮೇಲೆ ಅಷ್ಟು ಬೆಳಕನ್ನು ನಾನು ಮತ್ತೆ ಕಾಣಲಿಲ್ಲ...

ಅರ್ಧ ದಾರಿ ಕಳೆದಿರಬೇಕು. ಒಂದು ತಿರುವು ದಾಟಿದ್ದೇ, ಮುಂದೆ ಡಾಂಬರು ಕಾಣಲಿಲ್ಲ. ರಸ್ತೆಯ ಈ ಅಂಚಿನಿಂದ ಆ ಅಂಚಿನ ತನಕ ಮೊಣಕಾಲುದ್ದ ಹುರುಳಿ ಹಾಸಿದ್ದರು, ಬೇರು ಸಮೇತ ಕಿತ್ತ ಒಣ ಬಳ್ಳಿ. ಹಿಂದಿನ ವಾರ ಅಕಾಲದ ಮಳೆ ಬಿದ್ದು ಕಣಗಳೆಲ್ಲ ಕೆಸರಾಗಿದ್ದವು. ಎತ್ತು ಕಟ್ಟುವಂತಿಲ್ಲದ ದಿನ, ಬಸ್ಸು ಲಾರಿಗಳ ಗಾಲಿಯ ಕೆಳಗೆ ಕಾಳು ಉದುರಿಸಿಕೊಳ್ಳಲು ರಸ್ತೆಗೆ ತಂದಿದ್ದರು. ಎರಡೂ ಬದಿ ಕರಿಮಣ್ಣಿನ ಎರೆಹೊಲ, ಇಳಿದರೆ ಗಾಲಿ ಹೂತುಹೋಗುವಂಥ ಹಸಿ.

ಮಾವ ಕಾರು ನಿಲ್ಲಿಸಿ ಇಳಿದ. ಬಗ್ಗಿ ಮೊರವನ್ನು ನೋಡಿದ, ಹುರುಳಿಯನ್ನು ನೋಡಿದ. ಬಂಪರಿನ ಕೆಳಗೆ ಕೈ ಹಾಕಿ ಬೋಲ್ಟು ತಡವಿದ. ಮೊರ ಬಿಚ್ಚಬೇಕೆಂದರೆ ಕಾರನ್ನು ಎತ್ತಬೇಕು, ಅದಕ್ಕೆ ಬೇಕಾದ ಜಾಕು ಶೆಡ್ಡಿನಲ್ಲೇ ಇತ್ತು. ಹಿಂದಕ್ಕೆ ತಿರುಗಿಸಿದರೆ ಕರಾರು ಮುರಿದಂತೆ.

ಕೋಲು ಹಿಡಿದು ಬಳ್ಳಿ ತಿರುವುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ಹುರುಳಿ ಆಕೆಯದೇ. ಕಾರನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಗಿಡ್ಡ ಗಾಡಿ ಯಾಕ ತಗೊಂಡಿ ನಾಯನಾ, ಇದರ ಹೊಟ್ಟಿ ಕೆಳಗ ಕೋಳಿಮರಿ ಸೈತ ನುಸುಳಂಗಿಲ್ಲ" ಅಂದಳು. ಆಮೇಲೆ ಕನಿಕರ ಬಂದಿರಬೇಕು. "ಏಮೀ ಕಾದು, ಏನೂ ಆಗಂಗಿಲ್ಲ, ನಡೀ. ಎಲ್ಲಾರೂ ಹೋಗ್ತಾರ."

ಮಾವ ಒಳಗೆ ಕುಳಿತು ತಂದೆಯ ಮುಖ ನೋಡಿದ. ಸಾಹುಕಾರರು ಎದುರಿನ ಗಾಜನ್ನೇ ನೋಡುತ್ತಿದ್ದರು. ಮಾವ ಗೇರು ಹಾಕಿದ.

ಕಾರು ಹುರುಳಿಯ ಮೇಲೆ ಹೋಗಲಿಲ್ಲ, ಒಳಗೆ ಹೋಯಿತು. ಬಳ್ಳಿ ಮೊರದ ಮೇಲೆ ಏರಿ ಬರಬರನೆ ಸದ್ದು ಮಾಡುತ್ತಿತ್ತು. ಎಂಜಿನ್ನು ಏದುಸಿರು ಬಿಡುತ್ತ ಎಳೆಯಿತು. ಇನ್ನೇನು ಮುಗಿಯಿತು, ಮುಂದೆ ಕರಿ ಡಾಂಬರು ಕಾಣುತ್ತಿದೆ ಅನ್ನುವಾಗ ನನ್ನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಗೇರಿನ ಬುಡದಿಂದ ಸಣ್ಣ ಹೊಗೆ. ಮೊರ ತುಂಬಿ, ಅದರ ಮೇಲಿನ ಸಂದಿಯಿಂದ ಒಳನುಗ್ಗಿದ ಒಣ ಬಳ್ಳಿ ಎಂಜಿನ್ನಿನ ಬಿಸಿ ಕೊಳವೆಗೆ ಸುತ್ತಿಕೊಂಡಿತ್ತು.

"ಮಾವಾ, ಹೊಗಿ" ಅಂದೆ. ಅಷ್ಟರಲ್ಲೇ ಅವನು ಕಾರು ನಿಲ್ಲಿಸಿ ಕೆಳಗಿಳಿದಿದ್ದ. ತನ್ನ ಸೀಟು ಮಡಚಿ ನನ್ನ ರಟ್ಟೆ ಹಿಡಿದು ಎಳೆದ, ನಾನು ಹೊರಗೆ ಬಿದ್ದೆ. ಸಾಹುಕಾರರ ಬಾಗಿಲು ತೆರೆಯಿತು, ಅವರು ಮಾತ್ರ ಏಳಲಾರರು. ಮಂಡಿ ಹಿಡಿದಿತ್ತು. ಮಾವ ಅವರ ಕಂಕುಳಲ್ಲಿ ಕೈ ಹಾಕಿದ, ನಾನು ಸೊಂಟ ಹಿಡಿದೆ. ಧೋತರದ ಚುಂಗು ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಹರಿಯಿತು. ಎಳೆದು ತಂದು ಬರಿ ಡಾಂಬರಿನ ಮೇಲೆ ನಿಲ್ಲಿಸಿ ತಿರುಗಿ ನೋಡಿದರೆ, ಮೊರದ ಅಂಚಿನಲ್ಲಿ ಉರಿ ಕಾಣಿಸಿಕೊಂಡಿತ್ತು.

ಆಗ ಆ ಹೆಂಗಸಿನ ಮೇಲೆ ನನ್ನ ಕಣ್ಣು ಬಿತ್ತು. ಕೋಲು ಬಿಸಾಡಿ, ಎರಡೂ ಕೈಯಿಂದ ಬಾಚಿ ಬಾಚಿ ಕಾರಿನ ಸುತ್ತಲಿನ ಬಳ್ಳಿಯನ್ನು ಹಿಂದಕ್ಕೆ ಎಳೆಯುತ್ತಿದ್ದಳು. ಹೊಲದಲ್ಲಿದ್ದವರು ಓಡಿ ಬರುತ್ತಿದ್ದರು, ಇನ್ನೂ ದೂರವಿದ್ದರು. ಉರಿ ನೆಲಕ್ಕಿಳಿದು ಒಣ ಹುರುಳಿಗೆ ತಾಕಿದರೆ ಉದ್ದಕ್ಕೂ ಹಾಸಿದ್ದೆಲ್ಲ ಹೋಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಮಾವನೂ ಆಕೆಯನ್ನೇ ನೋಡಿದ. ಆಮೇಲೆ ಕಾರಿನ ಬಾಗಿಲಿಗೆ ಕೈ ಹಾಕಿದ.

"ಬ್ಯಾಡಪಾ" ಅಂದರು ಸಾಹುಕಾರರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾವ ಒಳಗೆ ಕುಳಿತ. ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಕೆಮ್ಮಿತು. ಮೂತಿಯ ಸಂದಿಗಳಿಂದ ಹೊಗೆ ದಪ್ಪನಾಗಿ ಬರುತ್ತಿತ್ತು, ಗಾಜಿನ ಹಿಂದೆ ಅವನ ಮುಖ ಕಾಣದಾಯಿತು. ಸಾಹುಕಾರರು ನನ್ನ ಮುಂಗೈ ಹಿಡಿದಿದ್ದರು, ಆ ಬೆರಳಿನ ಗುರುತು ಎಷ್ಟೋ ಹೊತ್ತು ಹಾಗೇ ಇತ್ತು... ಮೂರನೆಯ ಸಲ ಎಂಜಿನ್ನು ಹಿಡಿಯಿತು. ಕಾರು ಗಕ್ಕನೆ ಎಡಕ್ಕೆ ಹೊರಳಿ, ಉರಿಯುವ ಬಳ್ಳಿಯನ್ನೆಲ್ಲ ಮೊರದ ಮೇಲೆ ಹೊತ್ತುಕೊಂಡು, ರಸ್ತೆಯ ಅಂಚು ಹಾರಿ ಎರೆಹೊಲಕ್ಕೆ ಇಳಿಯಿತು. ಮೂತಿ ಹಸಿ ಮಣ್ಣಿಗೆ ಹೊಕ್ಕಿತು. ಫೈಬರು ಮುರಿದ ಸದ್ದು ರಸ್ತೆಯ ತನಕ ಕೇಳಿತು. ಬಾಗಿಲು ತೆರೆದು ಮಾವ ಹೊರಗೆ ಉರುಳಿದ. ಓಡಿ ಬಂದವರು ಅದೇ ಹಸಿ ಎರೆಮಣ್ಣನ್ನು ಬೊಗಸೆಯಲ್ಲಿ, ಬುಟ್ಟಿಯಲ್ಲಿ ಎತ್ತಿ ಎತ್ತಿ ಕಾರಿನ ಮೂತಿಗೆ ಹೊಡೆದರು.

ಉರಿ ಆರಿತು. ಹುರುಳಿ ಒಂದು ಮಂಚದಗಲ ಸುಟ್ಟಿತ್ತು, ಉಳಿದದ್ದು ಉಳಿಯಿತು. ಮಾವನ ಎಡಗೈಯ ಕೂದಲು ಸೀದು ಚರ್ಮ ಕೆಂಪಾಗಿತ್ತು. ಆ ಹೆಂಗಸು ತನ್ನ ಕೊಡದಿಂದ ಅವನ ಕೈಗೆ ನೀರು ಹುಯ್ಯುತ್ತ, ಹುಯ್ಯುತ್ತಲೇ ಬೈದಳು. ಯಾರ ಮಗನೋ ನೀನು, ಕಾಳು ಹೋದರೆ ಮತ್ತೆ ಬೆಳೀತಿದ್ದೆ, ನಿನ್ನನ್ನು ಎಲ್ಲಿಂದ ತರಲಿ ಎಂದು ತೆಲುಗು ಕನ್ನಡ ಎರಡರಲ್ಲೂ ಬೈದಳು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡ.

ಆಮೇಲೆ ತಂದೆಯ ಮುಂದೆ ಬಂದು ನಿಂತ. "ಕೆಟ್ಟು ನಿಂತಿತಪಾ" ಅಂದ.

ನಾನು ಸಾಹುಕಾರರ ಬಾಯನ್ನೇ ನೋಡುತ್ತಿದ್ದೆ. ಈಗಲಾದರೂ ಹೋಗು ಎನ್ನುತ್ತಾರೆ, ಎನ್ನಲೇಬೇಕು ಎಂದುಕೊಂಡೆ. ಅವರು ಹೆಗಲ ಮೇಲಿನ ವಲ್ಲಿಯಿಂದ ಮಗನ ಹಣೆಯ ಮೇಲಿದ್ದ ಮಸಿ ಒರೆಸಿದರು. ಕೆನ್ನೆ ಒರೆಸಿದರು. ಕತ್ತು ಒರೆಸಿದರು.

"ಹೂಂ," ಅಂದರು. "ಮನಿಗೆ ನಡಿ."

ಹತ್ತಿಯ ಲಾರಿಯೊಂದರಲ್ಲಿ ಮೂವರೂ ಆದೋನಿಗೆ ಬಂದೆವು. ಮಾವ ಕರಾರಿನಂತೆ ನಡೆದುಕೊಂಡ. ಸಾಹುಕಾರರ ಮುಂದೆ ಮದ್ರಾಸಿನ ಹೆಸರೆತ್ತಲಿಲ್ಲ. ಕಾರಿನ ಮೂತಿ ರಿಪೇರಿಯಾಗಿ, ಹುಬ್ಬಳ್ಳಿಯ ಕಡೆಯವರಾರೋ ಕೊಂಡು ಹೋದರು. ಅದು ಹೋದ ದಿನ, ಸವತಿ ಎನ್ನುತ್ತಿದ್ದ ಅಕ್ಕನೇ ಅತ್ತಳು. ಓಟದ ದಿನ ಮಾವ ಯಾರಿಗೂ ಹೇಳದೆ ರೈಲು ಹತ್ತಿ ಮದ್ರಾಸಿಗೆ ಹೋಗಿ, ಟಿಕೇಟು ಕೊಂಡು, ಜನರ ನಡುವೆ ನಿಂತು ನೋಡಿ ಬಂದ. ನನ್ನೊಬ್ಬಳಿಗೇ ಹೇಳಿದ್ದು.

"ಅವೂ ನಮ್ಮದರಂಗ ನೆಲಕ್ಕ ಹೊಟ್ಟಿ ಹಚ್ಚಿಕೊಂಡಿದ್ವು, ಟೀಚರಮ್ಮಾ. ಆದ್ರ ಅಲ್ಲಿ ಯಾರೂ ಹುರುಳಿ ಹಾಸಿದ್ದಿಲ್ಲ ನೋಡ್ರಿ."

ನಗಲಿಕ್ಕೆಂದೇ ಹೇಳಿದ. ನಾನೂ ನಕ್ಕೆ. ಅವನ ನಗೆ ಅರ್ಧಕ್ಕೇ ನಿಂತಿತು...

ಸಾಹುಕಾರರು ಹೋಗಿ ಬಹಳ ಕಾಲವಾಯಿತು. ಮಾವನೂ ಹೋಗಿ ಈಗ ಕೆಲವು ವರ್ಷ. ಅವನ ಮಣ್ಣಿಗೆ ಹೋದಾಗ ಪಡಸಾಲೆಯ ತುಂಬ ಹತ್ತಿ ಬಜಾರಿನ ಜನ. ಮಾತಿಗೆ ತಪ್ಪದ ಮನುಷ್ಯ, ನಿಧಾನಸ್ಥ, ಒಂದು ದಿನವೂ ಅವಸರ ಮಾಡಿದವರಲ್ಲ ಎಂದು ಒಬ್ಬರಾದ ಮೇಲೊಬ್ಬರು ಹೇಳುತ್ತಿದ್ದರು. ಹೇಳಿದ್ದು ಸುಳ್ಳಲ್ಲ. ಅಕ್ಕ ತಲೆ ತಗ್ಗಿಸಿ ಕುಳಿತಿದ್ದಳು. ನಾನು ಆ ಜನರ ನಡುವೆ ಕುಳಿತು, ಆ ಕಾರು ಎಷ್ಟು ಜೋರಾಗಿ ಓಡಬಹುದಿತ್ತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಲಾಗಲಿಲ್ಲ. ಅವನು ಅದನ್ನು ಪೂರ್ತಿ ಓಡಿಸಿದ್ದನ್ನು ನಾನು ನೋಡಿಲ್ಲ. ಯಾರೂ ನೋಡಿಲ್ಲ. ಅವನೂ ನೋಡಲಿಲ್ಲ.