ದುರುಗಕ್ಕನ ಹಕ್ಕಲು

ಚಳ್ಳಕೆರೆಯಲ್ಲಿ ಶೇಂಗಾ ಬೆಳೆದವರಿದ್ದಾರೆ, ಮಾರಿದವರಿದ್ದಾರೆ, ಎಣ್ಣೆ ತೆಗೆದು ಊರಿಗೆಲ್ಲ ಘಮ ಹಂಚಿದವರಿದ್ದಾರೆ. ಶೇಂಗಾದ ಬಗ್ಗೆ ತನಗೇನೂ ತಿಳಿಯದು ಎಂದವರು ಮಾತ್ರ ಇನ್ನೂ ಹುಟ್ಟಿಲ್ಲ. ನಮ್ಮ ಬೀದಿಯ ದುರುಗಕ್ಕನಿಗೆ ಒದಗಿದ ಮಹಾವಿಪತ್ತಿಗೆ ಇದೇ ಮೂಲ.

ದುರುಗಕ್ಕ ಎಣ್ಣೆ ಮಿಲ್ಲಿನಲ್ಲಿ ಬೀಜ ಆರಿಸುತ್ತಿದ್ದವಳು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ ಅವಳ ಬೆರಳುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಸುಮ್ಮನೆ ಕೂತಾಗಲೂ ಏನನ್ನೋ ಆರಿಸುತ್ತಿರುತ್ತವೆ. ಮಿಲ್ಲಿಗೂ ಮುಂಚೆ, ಪರಶುರಾಂಪುರದ ಕಡೆಯ ಹುಡುಗಿಯಾಗಿದ್ದಾಗ, ಅವಳು ಹಕ್ಕಲಿನ ಚಕ್ರವರ್ತಿನಿ. ಹೊಲದವರು ಶೇಂಗಾ ಗಿಡ ಕಿತ್ತು ಗಾಡಿಗೆ ಹೇರಿದ ಮೇಲೆ, ಬಳ್ಳಿಯಿಂದ ಕಳಚಿ ಮಣ್ಣಲ್ಲೇ ಉಳಿದ ಕಾಯಿಗಳನ್ನು ಕೆದಕಿ ಆಯ್ದುಕೊಳ್ಳುವುದೇ ಹಕ್ಕಲು. ಆಯ್ದದ್ದು ಆಯ್ದವರಿಗೆ. ಆದರೆ ಅದಕ್ಕೊಂದು ನೇಮವಿತ್ತು. ಬದುವಿನ ಮೇಲೆ ನಿಂತು "ಬಿಟ್ರೇನ್ರೀ ಹೊಲ?" ಎಂದು ಕೂಗಬೇಕು. ಹೊಲದವರು "ಬಿಟ್ಟೀವಿ" ಅನ್ನುವವರೆಗೆ ಒಳಗೆ ಕಾಲಿಡುವಂತಿಲ್ಲ. ಆ ಒಂದು ಮಾತು ಬಿದ್ದದ್ದೇ ತಡ, ದುರುಗಿ ಕಳೆ ಕೆತ್ತುವ ಕುರ್ಚಿಗೆ ಹಿಡಿದು ದಂಡೆತ್ತಿ ಹೋದಳೆಂದರೆ ಹಿಂದೆ ಬಂದವರಿಗೆ ಬರೀ ಮಣ್ಣಿನ ಹೆಂಟೆ. ಸಂಜೆ ಅವಳ ಮಡಿಲು ಬಿಚ್ಚಿದಾಗ ಅವ್ವ ಬಾಯಿ ಬಿಟ್ಟು ಹೊಗಳುತ್ತಿರಲಿಲ್ಲ. ಒಣ ಬಳ್ಳಿಗೆ ಬೆಂಕಿ ಹಚ್ಚಿ, ಕಾಯಿ ಸುಟ್ಟು, ಮೊದಲ ಹಿಡಿ ಅವಳ ಕೈಗೇ ಹಾಕುತ್ತಿದ್ದಳು.

ಆ ಕಾಯಿ ಈಗಿನದಲ್ಲ, ಹಬ್ಬು ಶೇಂಗಾ. ನೆಲದುದ್ದಕ್ಕೂ ಬಳ್ಳಿ ಚಾಚಿ ಹರಡುವ, ನಿಧಾನಕ್ಕೆ ಬಲಿಯುವ ಹಳೇ ತಳಿ. ಬೇಗ ಬರುವ ಗಿಡ್ಡ ಶೇಂಗಾ ಬಂದ ಮೇಲೆ ಅದು ಹೊಲ ಬಿಟ್ಟಿತು.

ಈಗ ಕಥೆಯ ರಣರಂಗ. ಮುಚ್ಚಿದ ಮಿಲ್ಲಿನ ಹಿಂದಿನ ಖಾಲಿ ಜಾಗವನ್ನು ಬೀದಿಯವರೆಲ್ಲ ಸೇರಿ ತೋಟ ಮಾಡಿದ್ದರು. ಚಳಿಗಾಲಕ್ಕೆ ಈರುಳ್ಳಿ, ಮೆಂತ್ಯ. ಬೇಸಿಗೆಗೆ ಚಪ್ಪರದ ಹೀರೆ. ನೀರು ಹಾಕುವುದು, ಕಳೆ ಕೀಳುವುದು ಮನೆಗೊಂದು ಸರದಿ. ಹೋದ ಮುಂಗಾರಿಗೆ ಏನು ಬಿತ್ತಬೇಕೆಂಬ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿ ಯಾರೂ ಕೇಳಿಸಿಕೊಳ್ಳದೆ ಇದ್ದಾಗ, ದುರುಗಕ್ಕ ಮಡಿಲಿನಿಂದ ಬಟ್ಟೆಯ ಗಂಟೊಂದನ್ನು ತೆಗೆದಿಟ್ಟಳು.

ಹಬ್ಬು ಶೇಂಗಾ ಬೀಜ! ಮಿಲ್ಲಿನ ಹಳೇ ಜೊತೆಗಾತಿ ಯರ್ರಮ್ಮ ಮೊಳಕಾಲ್ಮೂರಿನಿಂದ ತಂದು ಕೊಟ್ಟದ್ದು. ಕೊಡುವಾಗ "ಇದೇ ಆಖರು ಅಕ್ಕಾ, ಪೋತೆ ಮಳ್ಳೀ ರಾದು" ಎಂದಿದ್ದಳಂತೆ. ಹೋದರೆ ಮತ್ತೆ ಬಾರದು. ಆದ್ದರಿಂದ ದುರುಗಕ್ಕನ ಷರತ್ತು ಒಂದೇ: "ಈ ಸಲ ಬೆಳೆದಿದ್ದೆಲ್ಲ ಬೀಜಕ್ಕೆ. ಬರೋ ವರ್ಷ ಹೊಟ್ಟೆ ತುಂಬ ತಿನ್ರಿ."

ಎಲ್ಲರೂ ಒಪ್ಪಿದರು. ಮಳೆ ಬಂತು, ಬೀಜ ಬಿತ್ತು, ಹಳದಿ ಹೂ ಬಂತು. ಶ್ರಾವಣ ಕಳೆಯುವಷ್ಟರಲ್ಲಿ ನೆಲ ಕಾಣದಂತೆ ಬಳ್ಳಿ ಹಾಸಿಕೊಂಡಿತು. ದುರುಗಕ್ಕ ದಿನಾ ಸಂಜೆ ಬೇಲಿ ಪಕ್ಕ ಕೂತು, ಅವ್ವನ ಮನೆಯ ಅಂಗಳಕ್ಕೇ ಬಂದವಳಂತೆ ಆ ಹಸಿರನ್ನು ನೋಡುತ್ತಿದ್ದಳು.

ಇಲ್ಲಿಂದ ಪರೀಕ್ಷಕರ ಪಡೆ ಹೊರಟಿತು.

ಶೇಂಗಾ ಬಲಿಯಿತೋ ಇಲ್ಲವೋ ಎಂದು ತಿಳಿಯಲು ಒಂದೇ ದಾರಿ, ಗಿಡ ಕಿತ್ತು ನೋಡುವುದು. ಹೊಲದಲ್ಲಿ ಒಂದು ಗಿಡ ಲೆಕ್ಕಕ್ಕಿಲ್ಲ. ಆದರೆ ನಮ್ಮ ತೋಟದಲ್ಲಿ ಹೊಲ ಒಂದು, ರೈತರು ಬೀದಿಯಷ್ಟು. ನಿವೃತ್ತ ಬಸ್ ಕಂಡಕ್ಟರ್ ಹನುಮಣ್ಣ ಒಂದು ಕಿತ್ತು, ಸಿಪ್ಪೆಯ ಒಳಗೆ ಕಪ್ಪಾಗಿದೆಯೇ ಎಂದು ಇಣುಕಿದ. ಟೈಲರ್ ಗೀತಮ್ಮ ಒಂದು ಕಿತ್ತು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳಿದಳು. ಕಿರಾಣಿ ಅಂಗಡಿಯ ತೋಟಪ್ಪನಿಗೆ ಕಣ್ಣು, ಕಿವಿ ಯಾವುದರಲ್ಲೂ ನಂಬಿಕೆಯಿಲ್ಲ, ತಿಂದೇ ನೋಡಬೇಕು. ಒಬ್ಬರ ತೀರ್ಪು ಇನ್ನೊಬ್ಬರಿಗೆ ಒಪ್ಪಿಗೆಯಾಗದ ಕಾರಣ ಪರೀಕ್ಷೆ ಮತ್ತೆ ಮತ್ತೆ ನಡೆಯಿತು, ಎಲ್ಲವೂ ಗುಟ್ಟಾಗಿ. ಕಿತ್ತ ಜಾಗಕ್ಕೆ ಪಕ್ಕದ ಬಳ್ಳಿಯನ್ನು ಎಳೆದು ಹೊದಿಸಿದರೆ ಆಯಿತು. ಹಬ್ಬು ಬಳ್ಳಿಯಷ್ಟು ಪಾಪ ಮುಚ್ಚುವ ಗಿಡ ಲೋಕದಲ್ಲಿ ಇನ್ನೊಂದಿಲ್ಲ.

ಕೊಯ್ಲಿನ ದಿನ ಬೀದಿಗೆ ಬೀದಿಯೇ ಬಂತು. ಹನುಮಣ್ಣ ಮೊದಲ ಬಳ್ಳಿ ಎತ್ತಿದ. ಕೆಳಗೆ ಗುಂಡಿ. ಎರಡನೆಯದನ್ನು ಎತ್ತಿದ. ಅಲ್ಲೂ ಗುಂಡಿ. ಮೇಲೆ ಹಸಿರು ಜಮಖಾನೆ, ಅಡಿಯಲ್ಲಿ ಇಲಿಗಳ ರಾಜಧಾನಿ! ಉಳಿದಿದ್ದ ಗಿಡಗಳ ಕಾಯಿ ಒಂದು ಮೊರದ ಮೂಲೆಗೂ ಸಾಲಲಿಲ್ಲ.

"ಹಂದಿ ಬಂದಿರ್ಬೇಕು" ಅಂದ ತೋಟಪ್ಪ.

"ಹಂದಿ ಬಳ್ಳಿ ಹೊದಿಸಿ ಹೋಗ್ತೈತೇನಲೇ?" ಎಂದ ಹನುಮಣ್ಣ. "ನಿನ್ನ ಹಲ್ಲಾಗಿನ ಸಿಪ್ಪೆ ಮೊದ್ಲು ತೆಗಿ."

"ನೀನೇನು ಕಮ್ಮಿ? ಟಿಕೆಟ್ ಹರಿದಂಗೆ ಹರಿದೀಯ ಗಿಡಾನ!"

"ನಾನು ಕಿತ್ತಿದ್ದು ಬರೀ ನೋಡಾಕೆ ಕಣ್ರೀ" ಎಂದು ಗೀತಮ್ಮ ಯಾರೂ ಕೇಳದಿದ್ದರೂ ಒಪ್ಪಿಕೊಂಡಳು. ಸ್ವಲ್ಪ ತಡೆದು ಕೈ ತೋರಿಸಿದಳು. "ಆ ಬೇಲಿ ಮೂಲೆ ಗುಂಡಿ ಮಾತ್ರ ನಂದಲ್ಲ. ಅದ್ಯಾರ್ದು?"

ಯಾರದೂ ಅಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು.

"ನಂದು" ಅಂದಳು ದುರುಗಕ್ಕ.

ಹನುಮಣ್ಣನ ಕೈಯಲ್ಲಿದ್ದ ಬಳ್ಳಿ ಕೆಳಗೆ ಬಿತ್ತು.

"ಒಂದೇ ಒಂದು. ಅವ್ವ ಸುಟ್ಟು ಕೊಡ್ತಿದ್ದ ರುಚಿ ಇನ್ನೂ ಐತಾ ಅಂತ ನೋಡ್ದೆ."

"ಇತ್ತಾ?" ಎಂದು ತೋಟಪ್ಪ ಕೇಳಿಯೇ ಬಿಟ್ಟ.

ದುರುಗಕ್ಕ ಮೊರದ ಮೂಲೆಯ ಕಾಯಿಗಳನ್ನು ನೋಡುತ್ತ ನಿಂತಳು. ಯರ್ರಮ್ಮನ ಹತ್ತಿರ ಇನ್ನಿಲ್ಲ. ಅವ್ವನ ಊರಿನ ಹೊಲಗಳಲ್ಲಿ ಎಂದೋ ಇಲ್ಲ. ಅವಳ ಬೆರಳುಗಳು ಮಾತ್ರ ತಮ್ಮ ಪಾಡಿಗೆ ಸೆರಗಿನ ಅಂಚನ್ನು ಆರಿಸುತ್ತಿದ್ದವು. ಆಮೇಲೆ ಅವಳ ಕಣ್ಣು ನೆಲಕ್ಕಿಳಿಯಿತು.

ಬೆಳೆ ಬಲಿಯಲಿ ಎಂದು ಎಲ್ಲರೂ ನೀರು ನಿಲ್ಲಿಸಿದ್ದರು. ಮಳೆಯೂ ಮುನಿಸಿಕೊಂಡಿತ್ತು. ಮಣ್ಣು ರೊಟ್ಟಿಯಂತೆ ಗಟ್ಟಿಯಾಗಿತ್ತು. ಇಂಥ ನೆಲದಲ್ಲಿ, ಯಾರಾದರೂ ಕಂಡಾರೆಂಬ ಭಯದಲ್ಲಿ, ಗಿಡವನ್ನು ಜಗ್ಗಿದರೆ ಕಾಯೆಲ್ಲ ಬಳ್ಳಿಗೆ ಬರುತ್ತದೆಯೇ?

ದುರುಗಕ್ಕ ತೋಟದ ಹೊರಗೆ ಹೋಗಿ, ಬೇಲಿಯ ಆಚೆ ನಿಂತು, ಸೊಂಟಕ್ಕೆ ಕೈಯಿಟ್ಟು ಕೂಗಿದಳು: "ಬಿಟ್ರೇನ್ರೀ ಹೊಲ?"

ಪರೀಕ್ಷಕರಿಗೆ ಅರ್ಥವಾಗಲಿಲ್ಲ. ಹನುಮಣ್ಣನಿಗೆ ಮಾತ್ರ ಬಾಲ್ಯದ ಯಾವುದೋ ಬದು ನೆನಪಾಗಿರಬೇಕು. ಕಂಡಕ್ಟರ್ ಗಂಟಲನ್ನೆಲ್ಲ ಬಳಸಿ "ಬಿಟ್ಟೀವಿ!" ಎಂದು ಕೂಗಿದ.

ಆಮೇಲೆ ನಡೆದದ್ದು ಯುದ್ಧ. ದುರುಗಕ್ಕ ಕುರ್ಚಿಗೆ ಹಿಡಿದು ಕುಕ್ಕರುಗಾಲಲ್ಲಿ ಮುನ್ನುಗ್ಗಿದಳು. ಅವಳ ಹಿಂದೆ ಇಡೀ ಬೀದಿ ಕಂಬಿ, ಚಮಚ, ಮುರಿದ ಸೌಟು ಹಿಡಿದು ನೆಲ ಕೆದಕಿತು. ಮೊದಮೊದಲು ಕಿತ್ತ ಜಾಗಗಳಲ್ಲಿ ಎಳೆಗಾಯಿ ಸುರುಟಿಹೋಗಿತ್ತು. ಕಡೆಕಡೆಗೆ ಕಿತ್ತ ಕಡೆ ಬಲಿತ ಕಾಯಿಗಳು ಮಣ್ಣಲ್ಲಿ ಹಾಗೇ ಮಲಗಿದ್ದವು. ಗಿಡ್ಡ ಶೇಂಗಾ ಆಗಿದ್ದರೆ ಇಷ್ಟರಲ್ಲಿ ಮೊಳೆತುಬಿಡುತ್ತಿತ್ತು; ಹಬ್ಬು ಶೇಂಗಾಕ್ಕೆ ಅಂಥ ಅವಸರವಿಲ್ಲ. "ಇಲ್ಲೊಂದು!" "ಅಕ್ಕಾ, ಜೋಡಿ!" ಎಂಬ ಕೂಗಿನಲ್ಲಿ ಬೀದಿಯ ಅರ್ಧ ಮಂದಿ ತಮ್ಮ ತಮ್ಮ ಅವ್ವಂದಿರ ಹೊಲ ಸೇರಿಬಿಟ್ಟಿದ್ದರು.

ಬಿಸಿಲು ಇಳಿಯುವಾಗ ದುರುಗಕ್ಕನ ಮಡಿಲು ಯರ್ರಮ್ಮ ಕೊಟ್ಟ ಗಂಟಿಗಿಂತ ದೊಡ್ಡದಿತ್ತು. ಅವಳು ಚಪ್ಪರದಲ್ಲಿ ಉಳಿದಿದ್ದ ಹೀರೆಯ ಒಣ ಬಳ್ಳಿ ಒಟ್ಟಿ ಬೆಂಕಿ ಹಚ್ಚಿದಳು. ಕೆದಕುವಾಗ ಕಂಬಿ ತಗುಲಿ ಒಡೆದ ಕಾಯಿಗಳನ್ನಷ್ಟೇ ಅದಕ್ಕೆ ಹಾಕಿದಳು. ಮೊದಲ ಕಾಯಿ ತೋಟಪ್ಪನ ಕೈಗೆ ಬಿತ್ತು.

"ರುಚಿ ಇತ್ತಾ ಅಂತ ಕೇಳಿದ್ಯಲ್ಲ, ನೀನೇ ನೋಡು."

ತೋಟಪ್ಪ ಕಣ್ಣು ಮುಚ್ಚಿ ಅಗಿದ, ಬಹಳ ಹೊತ್ತು. ಆಮೇಲೆ ಮಡಿಲ ಕಡೆ ಕೈ ಚಾಚಿದ. "ಇನ್ನೊಂದು ಕೊಡಕ್ಕ. ಬೀಜಕ್ಕೆ ಬಲಿತೈತೋ ಇಲ್ವೋ ಗ್ಯಾರಂಟಿ ಹೇಳ್ತೀನಿ."

ದುರುಗಕ್ಕ ಮಡಿಲಿಗೆ ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು.