ಗೋಡೆಯಲ್ಲಿದ್ದ ನಾಲ್ಕು ತೂತು

ಜಯನಗರದ ನಮ್ಮ ಚರ್ಚಿಗೆ ಸ್ಮಾರಕದ ಕಲ್ಲುಗಳನ್ನು ಕೆತ್ತಿ ಕೂರಿಸುತ್ತಿದ್ದವರು ಅರೆಕೆರೆಯ ಒಬ್ಬ ವಯಸ್ಸಾದ ಕಲ್ಲುಕುಟಿಗರು. ಕೆಲಸಕ್ಕೆ ಮುಂಚೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. “ಗೋಡೆ ಒಪ್ಕೋಬೇಕು ಸಾರ್,” ಎನ್ನುತ್ತಿದ್ದರು. ಚರ್ಚಿನ ಉಸ್ತುವಾರಿ ನನ್ನದಾದ್ದರಿಂದ ಏಣಿ ಹಿಡಿಯುವ ಕೆಲಸವೂ ನನಗೇ ಬರುತ್ತಿತ್ತು.

ಒಮ್ಮೆ ರಜೆಯಲ್ಲಿ ಬಂದಿದ್ದ ಸೈನ್ಯದ ಯುವ ಅಧಿಕಾರಿಯೊಬ್ಬ, ತಾಯಿಯ ಜೊತೆ ನಿಂತು ತನ್ನ ತಂದೆಯ ಹೆಸರಿನ ಕಲ್ಲನ್ನು ಹಾಕಿಸಿದ. ಮರುವರ್ಷ ಗಡಿಯಲ್ಲಿ ಕರ್ತವ್ಯದಲ್ಲಿದ್ದಾಗ ಅವನೇ ತೀರಿಕೊಂಡ. ಅವನ ಕಲ್ಲು ಅಪ್ಪನ ಕಲ್ಲಿನ ಪಕ್ಕದಲ್ಲೇ ಇರಬೇಕೆಂದು ತಾಯಿ ಕೇಳಿಕೊಂಡರು.

ಕಲ್ಲುಕುಟಿಗರು ಅಳತೆ ಹಿಡಿದು, ಸ್ಕ್ರೂ ಬರುವ ನಾಲ್ಕು ಕಡೆ ಪೆನ್ಸಿಲಿನಿಂದ ಗುರುತು ಮಾಡಿದರು. ಡ್ರಿಲ್ ಇಟ್ಟೊಡನೆ ಅದು ತಡೆಯೇ ಇಲ್ಲದೆ ಒಳಗೆ ಹೋಯಿತು. ನಾಲ್ಕೂ ಕಡೆ ಹಾಗೇ ಆಯಿತು. ಬಣ್ಣದ ಕೆಳಗೆ ತೂತುಗಳು ಮೊದಲೇ ಇದ್ದವು.

“ಇವನ್ನ ಯಾವಾಗ ಹಾಕಿದ್ರಿ?” ತಾಯಿ ಕೇಳಿದರು.

“ನಾನೇ ಹಾಕಿರ್ಬೇಕಮ್ಮ. ಈ ಗೋಡೆ ಮೇಲೆ ಬೇರೆ ಯಾರೂ ಕೆಲಸ ಮಾಡಿಲ್ಲ. ಆದ್ರೆ ನೆನಪಾಗ್ತಿಲ್ಲ.”

ಕಲ್ಲು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಆಮೇಲೆ ಅವರು, ಯಾರೂ ಹೇಳದಿದ್ದರೂ, ಉಳಿದ ಗೋಡೆಯನ್ನೆಲ್ಲ ಅಂಗೈಯಿಂದ ನಿಧಾನವಾಗಿ ಸವರುತ್ತ ಹೋದರು. ತಾಯಿ ಅವರ ಹಿಂದೆಯೇ ನಡೆದರು. ಅಪ್ಪನ ಕಲ್ಲಿನ ಇನ್ನೊಂದು ಪಕ್ಕಕ್ಕೆ ಬಂದಾಗ ಕಲ್ಲುಕುಟಿಗರ ಕೈ ನಿಂತಿತು.

“ಇಲ್ಲೂ ಇದ್ಯಾ?” ಎಂದರು ತಾಯಿ.

“ಏನೂ ಇಲ್ಲಮ್ಮ. ನೀವು ಮನೆಗೆ ಹೋಗಿ.”

ಆಕೆ ಗೇಟು ದಾಟುವವರೆಗೂ ಅವರು ಆ ಅಂಗೈಯನ್ನು ಅಲ್ಲಿಂದ ತೆಗೆಯಲಿಲ್ಲ.